ಹಳತಿಗೆ ಬೇರೆ ರೇಟು

ನಮ್ಮ ಕಡೆಯ ವೈನ್ ಶಾಪಿನಲ್ಲಿ ವೈನ್ ಒಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಅಪ್ಪಿತಪ್ಪಿ ಯಾರಾದರೂ ವೈನ್ ಕೇಳಿದರೆ ಕೌಂಟರಿನವನು ಅವರನ್ನು ಮೇಲಿಂದ ಕೆಳಗೆ ನೋಡಿ, ಕೇಕಿಗಾ ಎಂದು ಕೇಳುತ್ತಾನೆ. ಇಂಥ ಕುಂದಾಪುರದಲ್ಲಿ ನಾನು ವೈನ್ ಮಾತ್ರ ಮಾರುವ ಅಂಗಡಿ ತೆರೆದೆ. ಬೋರ್ಡಿನ ಮೇಲೆ ದೊಡ್ಡದಾಗಿ 'ವೈನ್' ಎಂದು ಬರೆಸಿದ್ದೇ ಮೊದಲ ತಪ್ಪು. ಮೊದಲ ವಾರ ಬಂದವರೆಲ್ಲ ಕ್ವಾರ್ಟರ್ ಕೇಳಿದರು, ಇಲ್ಲ ಎಂದದ್ದಕ್ಕೆ ಸಿಟ್ಟಾದರು. ಒಬ್ಬರಂತೂ, ಹೊರಗೆ ವೈನ್ ಎಂದು ಬರೆದು ಒಳಗೂ ಬರೀ ವೈನೇ ಇಟ್ಟಿದ್ದೀಯಲ್ಲ, ಇದೆಂಥ ಮೋಸ ಎಂದು ಬೈದು ಹೋದರು.

ನಾನು ಇಪ್ಪತ್ತೆರಡು ವರ್ಷ ಮುಂಬಯಿಯ ಒಂದು ಹೋಟೆಲಿನಲ್ಲಿದ್ದವನು. ಟೇಬಲ್ ಒರೆಸುವುದರಿಂದ ಶುರುಮಾಡಿ ಕ್ಯಾಪ್ಟನ್ ಆದೆ. ಕೋಟು ಹಾಕಿಕೊಂಡು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ವೈನ್ ಸುರಿಯುವ ಕೆಲಸ. ಆ ಕೆಲಸದಲ್ಲಿ ನಾನು ಕಲಿತದ್ದು ವೈನಿನ ಬಗ್ಗೆ ಕಡಿಮೆ, ಜನರ ಬಗ್ಗೆ ಜಾಸ್ತಿ. ಪಟ್ಟಿಯಲ್ಲಿ ತೀರಾ ಕಡಿಮೆ ಬೆಲೆಯದನ್ನು ಯಾರೂ ಕೇಳುವುದಿಲ್ಲ, ಎದುರು ಕೂತವರು ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಕೇಳುತ್ತಾರೆ. ಇದು ನಮ್ಮ ಧಣಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಲಾಭ ಬಿಡುವ ಬಾಟಲಿಯನ್ನು ಅವರು ಪಟ್ಟಿಯ ಎರಡನೆಯ ಸಾಲಿನಲ್ಲೇ ಬರೆಸುತ್ತಿದ್ದರು. ಇನ್ನು ಬಾಟಲಿ ಬಿಚ್ಚಿ, ಗ್ಲಾಸಿಗೆ ಒಂದು ಗುಟುಕು ಹಾಕಿ, ಹೇಗಿದೆ ನೋಡಿ ಎಂದು ನಿಲ್ಲುವ ಒಂದು ಶಾಸ್ತ್ರ ಉಂಟು. ಗಿರಾಕಿ ಗ್ಲಾಸು ಅಲ್ಲಾಡಿಸುತ್ತಾನೆ, ಮೂಸುತ್ತಾನೆ, ಬಾಯಲ್ಲಿಟ್ಟುಕೊಂಡು ಮೇಲೆ ಫ್ಯಾನು ನೋಡುತ್ತಾನೆ, ಕೊನೆಗೆ ತಲೆದೂಗುತ್ತಾನೆ. ಅಷ್ಟು ವರ್ಷದಲ್ಲಿ ಇದು ಬೇಡ ಎಂದು ವಾಪಸು ಮಾಡಿದವರನ್ನು ಲೆಕ್ಕ ಹಾಕಲು ಒಂದು ಕೈಯ ಬೆರಳು ಹೆಚ್ಚಾಯಿತು. ಜನರಿಗೆ ವೈನ್ ತಿಳಿಯುವುದಿಲ್ಲ, ರೇಟು ತಿಳಿಯುತ್ತದೆ ಎಂಬುದು ನಾನು ಊರಿಗೆ ಹೊತ್ತು ತಂದ ಜ್ಞಾನ. ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ಅಮ್ಮನ ಜ್ಞಾನ ಬೇರೆ. ನಾವುಂದದ ನಮ್ಮ ಮನೆಯಿಂದ ಹೊರಟು, ಬಂದರಿನಲ್ಲಿ ಮೀನು ಕೊಂಡು, ಬಸ್ಸು ಹತ್ತಿ ಬಸ್ರೂರಿಗೆ ಹೋಗಿ ಮನೆಮನೆಗೆ ಮಾರಿದವಳು ಅವಳು. ನಲವತ್ತು ವರ್ಷ ಬುಟ್ಟಿ ಹೊತ್ತಳು. ಈಗ ಮಂಡಿ ನೋವಿನಿಂದ ಬುಟ್ಟಿ ಕೆಳಗಿಳಿದಿದೆ, ನಾಲಿಗೆ ಇಳಿದಿಲ್ಲ. ಬೆಳಿಗ್ಗೆ ಎಂಟಕ್ಕೆ ಒಂದು ರೇಟು, ಹತ್ತಕ್ಕೆ ಒಂದು ರೇಟು, ಬಿಸಿಲು ನೆತ್ತಿಗೆ ಬಂದ ಮೇಲೆ ಉಳಿದದ್ದನ್ನು ಗುಪ್ಪೆಗುಪ್ಪೆಯಾಗಿ ಪಾಲು ಹಾಕಿ ಸಿಕ್ಕಿದ ರೇಟು, ಇದು ಅವಳ ಅರ್ಥಶಾಸ್ತ್ರ. ಹೊಸ ಗಿರಾಕಿ ಬಂಗುಡೆ ಮೀನಿನ ಕಿವಿರು ಎತ್ತಿ ತಾಜಾ ಕೆಂಪು ಇದೆಯೇ ಎಂದು ನೋಡುತ್ತಾನೆ, ಹಳೆ ಗಿರಾಕಿ ಮಾರುವವಳ ಮುಖ ನೋಡುತ್ತಾನೆ ಎಂದು ಅವಳು ಹೇಳುತ್ತಿದ್ದಳು. ಆಗ ನಾನು ಅದನ್ನು ಕೇಳಿಯೂ ಕೇಳದ ಹಾಗೆ ಇದ್ದೆ.

ಅಂಗಡಿ ತೆರೆದ ದಿನ ಅಮ್ಮ ಒಂದೊಂದೇ ಬಾಟಲಿಯನ್ನು ತಿರುಗಿಸಿ ನೋಡಿದಳು. ಒಂದರ ಮೇಲೆ ನಾನೂರು, ಪಕ್ಕದ್ದರ ಮೇಲೆ ಸಾವಿರದ ಎಂಟುನೂರು. ಎರಡೂ ಒಂದೇ ಗಾತ್ರ, ಒಂದೇ ಬಣ್ಣ.

"ಇದ್ರ್ ಕಿವಿರ್ ಎಲ್ಲಿತ್ತ್ ಮಗಾ?" ಎಂದಳು.

ನಾನು ನಕ್ಕೆ. ಅವಳು ನಗದೆ ಬಾಟಲಿಯನ್ನು ಬೆರಳಲ್ಲಿ ಒತ್ತಿದಳು, ಮೂಸಿದಳು. "ಒತ್ತಿ ಕಾಂಬುಕಾತ್ತಿಲ್ಲೆ, ಮೂಸುಕಾತ್ತಿಲ್ಲೆ. ಒಳ್ಳೆದ್ ಅಂದೇಳಿ ಜನ ಹ್ಯಾಂಗ್ ತಿಳ್ಕಂತ್ರ್?"

"ರೇಟ್ ಕಂಡ್," ಎಂದೆ ನಾನು.

"ರೇಟ್ ಕಂಡ್ ಮೀನ್ ತಕಂಡ್ರೆ ಬೆಕ್ಕಿಗೆ ಹಬ್ಬ," ಎಂದು ಹೇಳಿ ಅಮ್ಮ ಕುರ್ಚಿ ಎಳೆದುಕೊಂಡು ಫ್ಯಾನಿನ ಕೆಳಗೆ ಕೂತಳು.

ಅಂಗಡಿಯ ಮುಂದೆ ಒಂದು ಗಾಜಿನ ಕಪಾಟು ಇತ್ತು. ರಸ್ತೆಯಲ್ಲಿ ಹೋಗುವವರಿಗೆ ಕಾಣಲಿ ಎಂದು ನನ್ನ ಅತಿ ದುಬಾರಿ ಮಾಲನ್ನು ಅದರಲ್ಲಿ ಸಾಲಾಗಿ ನಿಲ್ಲಿಸಿದ್ದೆ. ಆರು ವರ್ಷ ಹಳೆಯ ಕೆಂಪು ವೈನ್, ಹನ್ನೆರಡು ಬಾಟಲಿ. ಬೆಂಗಳೂರಿನ ಒಂದು ಗೋದಾಮಿನಲ್ಲಿ ಅಷ್ಟೇ ಉಳಿದಿತ್ತು. ಅಂಗಡಿ ಪಡುವಣಕ್ಕೆ ಮುಖ ಮಾಡಿದ್ದರಿಂದ ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದು ಬಾಟಲಿಗಳು ಚಂದ ಹೊಳೆಯುತ್ತಿದ್ದವು. ಬಿಸಿಲಿಗೆ ಇಟ್ಟರೆ ಮೀನು ಒಣಮೀನಾಗುತ್ತದೆ, ಇದು ಏನಾಗುತ್ತದೆ ಎಂದು ಅಮ್ಮ ಒಮ್ಮೆ ಕೇಳಿದ್ದಳು. ಇದು ಹಳತಾದಷ್ಟೂ ಬೆಲೆ ಎಂದು ನಾನು ಮುಂಬಯಿ ಗತ್ತಿನಲ್ಲಿ ಉತ್ತರಿಸಿದ್ದೆ. ಅವಳು ಅದನ್ನು ತಮಾಷೆ ಎಂದುಕೊಂಡಳು ಎಂದು ಕಾಣುತ್ತದೆ.

ವರ್ಷ ಕಳೆಯಿತು. ಬಸ್ರೂರಿನ ಒಬ್ಬ ನಿವೃತ್ತ ಮೇಷ್ಟ್ರು, ಬ್ರಹ್ಮಾವರದಲ್ಲಿ ಕೇಕ್ ಮಾಡಿ ಮಾರುವ ಒಬ್ಬ ಹೆಂಗಸು, ಅಪರೂಪಕ್ಕೆ ಪ್ರವಾಸಿಗರು, ಇಷ್ಟೇ ನನ್ನ ಗಿರಾಕಿಗಳು. ಹೀಗೇ ನಡೆದರೆ ಅಂಗಡಿ ಮುಚ್ಚಬೇಕು. ಮುಂಬಯಿಯ ಧಣಿ ಫೋನು ಮಾಡಿ, ದೀಪಾವಳಿವರೆಗೆ ನಿನ್ನ ಜಾಗ ಹಾಗೇ ಇಟ್ಟಿರುತ್ತೇನೆ ಎಂದಿದ್ದರು. ಇನ್ನು ಹೋಗುವುದಿಲ್ಲ ಎಂದು ಊರಿಡೀ ಹೇಳಿಕೊಂಡು ಬಂದವನು ಮತ್ತೆ ಬ್ಯಾಗು ಹಿಡಿದು ರೈಲು ಹತ್ತುವುದೆಂದರೆ ಹೇಗೆ? ಅಷ್ಟರಲ್ಲಿ ಒಂದು ದಾರಿ ಕಾಣಿಸಿತು. ಬೈಂದೂರು ಕಡೆಯ ಕಡಲ ದಂಡೆಯಲ್ಲಿ ದೊಡ್ಡವರ ಮದುವೆ ಮಾಡಿಸಿಕೊಡುವ ಒಬ್ಬ ಗುತ್ತಿಗೆದಾರರಿದ್ದರು. ಒಂದೊಂದು ಮದುವೆಗೂ ಒಂದು ದಿನದ ಪರವಾನಿಗೆ ತೆಗೆದು ವೈನ್ ಕೊಡುವ ಪದ್ಧತಿ ಅವರದು. ಈ ಸೀಸನ್ನಿಗೆ ಪೂರ್ತಿ ಮಾಲನ್ನು ಒಂದೇ ಅಂಗಡಿಯಿಂದ ಎತ್ತುತ್ತೇನೆ, ಮೊದಲು ನಿಮ್ಮ ಹಳೆಯ ಕೆಂಪು ವೈನ್ ನೋಡಬೇಕು ಎಂದರು. ಬುಧವಾರ ಬರುತ್ತೇನೆ ಎಂದರು. ಆ ಆರ್ಡರು ಸಿಕ್ಕಿದರೆ ನಾನು ಕುಂದಾಪುರದವನು, ಸಿಗದಿದ್ದರೆ ಮುಂಬಯಿಯವನು.

ಮಂಗಳವಾರ ಪರವಾನಿಗೆಯ ಕಾಗದಕ್ಕಾಗಿ ನಾನು ಉಡುಪಿಗೆ ಹೋಗಬೇಕಾಯಿತು. ಅಂಗಡಿಯಲ್ಲಿ ಅಮ್ಮನನ್ನು ಕೂರಿಸಿದೆ. ಬಾಟಲಿಯ ಮೇಲೆ ಬರೆದ ರೇಟಿಗೇ ಮಾರಬೇಕು ಎಂದು ಹೇಳಿದೆ. ಬಸ್ಸಿಗೆ ತಡವಾಗುತ್ತಿತ್ತು. ಮೆಟ್ಟಿಲಿಳಿಯುತ್ತ ಗಾಜಿನ ಕಪಾಟು ತೋರಿಸಿ, "ಅದ್ ಹಳತ್, ಹಳತಿಗೆ ಬೇರೆ ರೇಟ್," ಎಂದು ಕೂಗಿದೆ. ಯಾರಾದರೂ ಕೇಳಿದರೆ ನನಗೆ ಫೋನು ಮಾಡು ಎಂಬುದು ನನ್ನ ಮನಸ್ಸಿನಲ್ಲಿತ್ತು, ಬಾಯಿಗೆ ಬರಲಿಲ್ಲ.

ಮೀನು ಮಾರಿದವಳ ಕಿವಿಗೆ 'ಹಳತಿಗೆ ಬೇರೆ ರೇಟು' ಎಂದರೆ ಒಂದೇ ಅರ್ಥ. ಅಮ್ಮ ಬಾಟಲಿಗಳನ್ನು ಹೊರತೆಗೆದು ಅಂಟಿಸಿದ ಚೀಟಿಯ ಮೇಲಿನ ಇಸವಿ ನೋಡಿದಳು. ಅಕ್ಷರ ಕಷ್ಟ, ಅಂಕಿ ಅವಳಿಗೆ ನೀರು ಕುಡಿದಷ್ಟು ಸುಲಭ. ಏಳು ವರ್ಷ! ಇಷ್ಟು ಹಳೆಯ ಮಾಲನ್ನು ಮಗ ನಾಚಿಕೆಯಿಲ್ಲದೆ ರಸ್ತೆಗೆ ಕಾಣುವ ಹಾಗೆ ಇಟ್ಟಿದ್ದಾನಲ್ಲ ಎಂದು ಅವಳಿಗೆ ಪಾಪ ಅನಿಸಿರಬೇಕು. ಎರಡೆರಡರ ಪಾಲು ಹಾಕಿದಳು. ಪಾಲಿಗೆ ಆರುನೂರು. ಬಾಗಿಲಲ್ಲಿ ನಿಂತು ದಾರಿಯಲ್ಲಿ ಹೋಗುವವರನ್ನು "ಹ್ವಾಯ್" ಎಂದು ಕರೆದಳು. ಹಳತು, ಹಳತು ಎಂದು ಹೇಳಿಯೇ ಮಾರಿದಳು, ಮುಚ್ಚಿಡಲಿಲ್ಲ. ವರ್ಷವಿಡೀ ಆ ಬಾಗಿಲಿನ ಹತ್ತಿರವೂ ಸುಳಿಯದವರು ಅವತ್ತು ಒಳಗೆ ಬಂದರು. ಪಕ್ಕದ ಟೈಲರ್ ಆಮೇಲೆ ನನಗೆ ಹೇಳಿದ ಪ್ರಕಾರ, ಸ್ವಲ್ಪ ಹೊತ್ತು ಕ್ಯೂ ಕೂಡ ಇತ್ತು.

ಮಧ್ಯಾಹ್ನ ಮೂರಕ್ಕೆ ನಾನು ಬಂದಾಗ ಕಪಾಟಿನಲ್ಲಿ ಎರಡೇ ಬಾಟಲಿ ಉಳಿದಿದ್ದವು. ಅಮ್ಮ ಸೊಂಟದ ಚೀಲದಿಂದ ಮೂರು ಸಾವಿರ ತೆಗೆದು ಕೌಂಟರಿನ ಮೇಲಿಟ್ಟು, ಇನ್ನೊಂದು ಪಾಲು ಸಂಜೆಯೊಳಗೆ ಹೋಗುತ್ತದೆ ಎಂದಳು. ಅವಳ ಮುಖದಲ್ಲಿ ಬುಟ್ಟಿ ಖಾಲಿಯಾದ ದಿನದ ಸಂತೋಷ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು. ಹದಿನೆಂಟು ಸಾವಿರದ ಮಾಲು ಹೋಯಿತೆಂದು ಅಲ್ಲ. ನಾಳೆ ಬರುವ ಮನುಷ್ಯನಿಗೆ ಈ ಎರಡೇ ಬಾಟಲಿ ತೋರಿಸಿ ಸೀಸನ್ನಿನ ಆರ್ಡರು ಕೇಳುವುದು ಹೇಗೆ? ಹಳತೆಂದರೆ ಹೆಚ್ಚು ರೇಟು ಎಂದು ಅರ್ಥ ಎಂದು ಕೂಗಾಡಿದೆ.

"ಹಳತ್ ಅಂದೇಳಿ ನೀನೇ ಹೇಳ್ದೆ. ಬೇರೆ ರೇಟ್ ಅಂದೇಳಿ ನೀನೇ ಹೇಳ್ದೆ," ಎಂದಳು ಅಮ್ಮ.

"ನಿಂಗೆ ಮೀನ್ ಒಂದ್ ಬಿಟ್ರೆ ಬೇರೆಂತ ಗೊತ್ತಿತ್ತ್?" ಎಂದುಬಿಟ್ಟೆ.

ನನಗೆ ಸಿಟ್ಟು ಬಂದರೆ ಬುದ್ಧಿ ಒಂದು ಬಸ್ಸು ಹಿಂದೆ ಬರುತ್ತದೆ. ಅಮ್ಮ ಸೆರಗು ಸರಿಮಾಡಿಕೊಂಡು, ಕುರ್ಚಿಯನ್ನು ಮೊದಲಿದ್ದ ಜಾಗದಲ್ಲಿಟ್ಟು, ನಾವುಂದದ ಬಸ್ಸಿಗೆ ಹೋದಳು. ಅವಳ ಮೀನಿನ ದುಡ್ಡಿನಲ್ಲೇ ನಾನು ಮುಂಬಯಿಯ ಮೊದಲ ಟಿಕೇಟು ತೆಗೆದದ್ದು. ಅದು ನೆನಪಾದಾಗ ಬಸ್ಸು ಹೋಗಿಯಾಗಿತ್ತು. ಮನೆಗೆ ಹೋದಾಗಲೂ ಕ್ಷಮಿಸು ಎನ್ನಲು ನಾಲಿಗೆ ಏಳಲಿಲ್ಲ. ಅಮ್ಮ ಎಂದಿನಂತೆ ಊಟ ಬಡಿಸಿದಳು, ಅದು ಬೈದದ್ದಕ್ಕಿಂತ ಹೆಚ್ಚು ನಾಟಿತು.

ಬುಧವಾರ ಗುತ್ತಿಗೆದಾರರು ಹೇಳಿದ ಹೊತ್ತಿಗೇ ಬಂದರು. ಪಂಚೆ ಉಟ್ಟ, ಮೆಲುದನಿಯ ಮನುಷ್ಯ. ನಾನು ಕೋಟು ಒಂದು ಹಾಕಿಕೊಳ್ಳಲಿಲ್ಲ, ಉಳಿದ ಎಲ್ಲ ಶಾಸ್ತ್ರ ಮಾಡಿದೆ. ಎಡಗೈ ಬೆನ್ನ ಹಿಂದೆ, ಬಿಳಿ ಬಟ್ಟೆ, ಉಳಿದಿದ್ದ ಎರಡು ಬಾಟಲಿಯಲ್ಲಿ ಒಂದರ ಬಿರಡೆ ತೆಗೆದ ಸದ್ದು. ಗ್ಲಾಸಿಗೆ ಬಿದ್ದದ್ದು ಕೆಂಪು ಅಲ್ಲ, ಕಂದು. ಮೂಸಿದೆ. ಹುಳಿ ಬಂದ ಬೆಲ್ಲದ ನೀರಿನ ವಾಸನೆ. ಎರಡನೆಯ ಬಾಟಲಿ ಬಿಚ್ಚಿದೆ, ಅದು ಇನ್ನೂ ಒಂದು ಕೈ ಮೇಲು. ಒಂದು ವರ್ಷ ಕುಂದಾಪುರದ ಬಿಸಿಲಿಗೆ ನಿಂತು ನನ್ನ ಸಾವಿರದ ಎಂಟುನೂರರ ವೈನ್ ವಿನೆಗರ್ ಆಗಿತ್ತು. ಹಳತಾದಷ್ಟೂ ಬೆಲೆ ಎಂಬುದು ತಂಪಾದ ನೆಲಮಾಳಿಗೆಯ ಮಾತು, ನಮ್ಮ ಪಡುವಣ ಬಾಗಿಲಿನ ಮಾತಲ್ಲ. ಅದೂ ಕೆಲವೇ ಕೆಲವು ವೈನಿಗೆ ಮಾತ್ರ, ಹೆಚ್ಚಿನವು ಬೇಗ ಕುಡಿಯಲೆಂದೇ ಮಾಡಿದ್ದು. ಇದು ನನಗೆ ತಿಳಿಯದ ವಿಷಯವೇನಲ್ಲ. ಬಾಟಲಿಯ ಹೊಳಪಿನಲ್ಲಿ ಮರೆತಿದ್ದೆ.

ಅಷ್ಟರಲ್ಲಿ ಬಸ್ರೂರಿನ ಮೇಷ್ಟ್ರು ಬಂದರು. ಕೈಯಲ್ಲಿ ನಿನ್ನೆ ಕೊಂಡ ಬಾಟಲಿ. ಜಗಳಕ್ಕೆ ಬಂದವರಲ್ಲ, ಸಂಶಯ ಕೇಳಲು ಬಂದವರು. ಇದು ಕುಡಿಯುವುದಕ್ಕೋ ಉಪ್ಪಿನಕಾಯಿಗೆ ಹಾಕುವುದಕ್ಕೋ ಎಂದು ಬಹಳ ವಿನಯದಿಂದ ಕೇಳಿದರು. ಅವರ ಹಿಂದೆಯೇ ಅಮ್ಮ ಮೆಟ್ಟಿಲು ಹತ್ತಿದಳು. ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರೇ ಅವಳಿಗೆ ಸುದ್ದಿ ಹೇಳಿದ್ದರಂತೆ. ನನ್ನ ಕೈಯ ಗ್ಲಾಸು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು.

"ಇದ್ ಮೀನಾರೆ ಬೆಕ್ಕೂ ಮೂಸ್ತಿಲ್ಲೆ," ಎಂದಳು.

ಗುತ್ತಿಗೆದಾರರು ಇದನ್ನೆಲ್ಲ ನೋಡುತ್ತ ಕೂತಿದ್ದರು. ಅಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. ಅಂಗಡಿಯ ಒಳಗಿನ ಕಪಾಟಿನಿಂದ, ಬಿಸಿಲು ಬೀಳದ ಜಾಗದಿಂದ, ಹೊಸ ಬಾಟಲಿಗಳನ್ನು ತೆಗೆದು ಚೀಲಕ್ಕೆ ತುಂಬತೊಡಗಿದಳು. ಒಂದು ಪಾಲು ಮೇಷ್ಟ್ರಿಗೆ, ಒಂದು ಪಾಲು ಬ್ರಹ್ಮಾವರದ ಕೇಕಿನ ಅಕ್ಕನಿಗೆ, ಒಂದು ಬ್ಯಾಂಕಿನ ಹಿಂದಿನ ಮನೆಗೆ, ಒಂದು ಆಟೋದವನ ಭಾವನಿಗೆ, ಒಂದು ಮದುವೆ ಗೊತ್ತಾದ ಹುಡುಗಿಯ ಅಪ್ಪನಿಗೆ. ಹತ್ತು ಬಾಟಲಿ ಎಲ್ಲಿಗೆ ಹೋಗಿವೆ ಎಂದು ಬರೆದಿಟ್ಟಿರಲಿಲ್ಲ, ಬಾಯಲ್ಲೇ ಇತ್ತು. ಅಮ್ಮ, ಯಾರೂ ಕೇಳಿಲ್ಲವಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಅಷ್ಟು ಕಡಿಮೆಗೆ ಕೊಂಡವರು ತಕರಾರು ಮಾಡುವುದಿಲ್ಲ ಎಂಬ ಮುಂಬಯಿ ಬುದ್ಧಿ ಇನ್ನೂ ಉಳಿದಿತ್ತು.

"ಹಳತ್ ಅಂದೇಳಿ ಕೊಟ್ಟಿದ್ದೆ, ಹಾಳಾದ್ದ್ ಅಂದೇಳಿ ಕೊಡ್ಲಿಲ್ಲೆ. ಹಾಳಾದ್ದ್ ಕೊಟ್ರೆ ಮರ್ದಿನ ಅದೇ ಬಾಗ್ಲಿಗೆ ನಾವೇ ಹೋಯ್ಕ್. ಚೀಲ ಹಿಡಿ, ನೀನೂ ಬಾ. ಮುಖ ತೋರ್ಸ್ಕ್."

ಗುತ್ತಿಗೆದಾರರು ಎದ್ದು, ನಾಲ್ಕು ದಿನ ಬಿಟ್ಟು ಹೇಳುತ್ತೇನೆ ಎಂದು ಹೋದರು. ಇಂಥ ಮಾತಿನ ಅರ್ಥ ಹೋಟೆಲಿನವರಿಗೆ ಗೊತ್ತು. ನನ್ನ ಮನಸ್ಸು ಆಗಲೇ ಮುಂಬಯಿಯ ರೈಲಿನಲ್ಲಿ ಸೀಟು ಹುಡುಕುತ್ತಿತ್ತು.

ಅವತ್ತು ನಾನು ಚೀಲ ಹೊತ್ತು ಅಮ್ಮನ ಹಿಂದೆ ನಡೆದೆ. ಬ್ಯಾಂಕಿನ ಹಿಂದಿನ ಮನೆಯವರು ಬಾಟಲಿಯನ್ನು ಇನ್ನೂ ಬಿಚ್ಚಿರಲಿಲ್ಲ. ಆಟೋದವನ ಭಾವ ಬಿಚ್ಚಿದ್ದನ್ನೆಲ್ಲ ಕುಡಿದು ಮುಗಿಸಿದ್ದ, ಆದರೂ ಬದಲಿ ತೆಗೆದುಕೊಂಡ. ಕೊನೆಗೆ ಬಸ್ಸು ಹಿಡಿದು ಬ್ರಹ್ಮಾವರಕ್ಕೆ ಹೋದೆವು. ಕೇಕಿನ ಅಕ್ಕ ನಮ್ಮನ್ನು ಕಂಡದ್ದೇ ಬಹಳ ಸಂಭ್ರಮದಿಂದ ಒಳಗೆ ಕರೆದು ಕೂರಿಸಿದಳು. ನಿನ್ನೆ ಮನೆಗೆ ನೆಂಟರು ಬಂದಿದ್ದರಂತೆ, ಬಾಟಲಿಯ ಮೇಲಿನ ರೇಟು ತೋರಿಸಿ ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟಳಂತೆ. ಎಂಥ ರುಚಿ, ಇದೇ ನೋಡಿ ದುಬಾರಿ ವೈನ್ ಎಂದರೆ, ನಾಲಿಗೆಗೆ ತಾಗಿದ ಕೂಡಲೇ ಗೊತ್ತಾಗುತ್ತದೆ ಎಂದು ಅವಳ ಗಂಡನ ಅಣ್ಣ ಎರಡು ಸಲ ಹಾಕಿಸಿಕೊಂಡರಂತೆ. ನಾನು ಅಮ್ಮನ ಮುಖ ನೋಡಿದೆ. ಇಲ್ಲಿಂದ ಸುಮ್ಮನೆ ಚಾ ಕುಡಿದು ಎದ್ದು ಹೋದರೆ ಯಾರಿಗೂ ನಷ್ಟವಿಲ್ಲ.

ಅದು ಹಾಳಾದದ್ದು ಎಂದು ಅಮ್ಮ ನೇರವಾಗಿ ಹೇಳಿದಳು. ಅಕ್ಕನಿಗೆ ನಗು ಶುರುವಾಯಿತು ನೋಡಿ, ಕಣ್ಣಲ್ಲಿ ನೀರು ಬರುವಷ್ಟು. ಭಾವನವರಿಗೆ ಹೇಳಬೇಡಿ, ಅವರ ಮರ್ಯಾದೆ ಹೋಗುತ್ತದೆ ಎಂದಳು. ಆ ಮನೆಯ ನಗುವಿನಲ್ಲಿ ನನಗೆ ನನ್ನ ಇಪ್ಪತ್ತೆರಡು ವರ್ಷದ ಗಿರಾಕಿಗಳೆಲ್ಲ ಸಾಲಾಗಿ ಕೂತು ತಲೆದೂಗಿದ್ದು ಕಾಣಿಸಿತು. ರೇಟು ನೋಡಿ ರುಚಿ ಕಂಡವರು ಅವರು. ರೇಟು ನೋಡಿಯೇ ಆ ಹನ್ನೆರಡು ಬಾಟಲಿ ಕೊಂಡವನು ನಾನು.

ನಾಲ್ಕನೆಯ ದಿನ ಗುತ್ತಿಗೆದಾರರ ಫೋನು ಬಂತು. ಮೊದಲ ಮದುವೆಗೆ ಎಷ್ಟು ಬಾಟಲಿ ಬೇಕೆಂದು ಹೇಳಿದರು. ನಾನು ಬೆಪ್ಪಾಗಿ, ನೀವು ರುಚಿಯನ್ನೇ ನೋಡಲಿಲ್ಲವಲ್ಲ ಎಂದೆ.

"ನಂಗೆ ವೈನ್ ಗೊತ್ತಿಲ್ಲೆ ಮಾರಾಯ್ರೆ," ಎಂದರು ಅವರು. "ಹಾಳಾದ್ರೆ ಬದ್ಲಿ ಹಿಡ್ಕಂಡ್ ಬಪ್ಪವ್ರ್ ಯಾರ್ ಅಂದೇಳಿ ಗೊತ್ತಾರೆ ಸಾಕ್. ಮೊದಲ್ನೇ ಸಲ ನಿಮ್ಮ್ ಅಮ್ಮನ್ನೂ ಕರ್ಕಂಡ್ ಬನ್ನಿ."

ಆ ದಿನ ಮಾಲಿನ ಟೆಂಪೋದಲ್ಲಿ ಅಮ್ಮನಿಗೆ ಮುಂದಿನ ಸೀಟು. ಬಾಟಲಿಗಳ ಮೇಲೆ ನಾನು ಒದ್ದೆ ಗೋಣಿ ಹೊದೆಸಿದ್ದೆ, ಅದು ಅಮ್ಮನ ಉಪಾಯ. ದೊಡ್ಡ ಆರ್ಡರಾದ್ದರಿಂದ ನೂರಕ್ಕೆ ಹತ್ತು ಕಡಿಮೆ ಮಾಡೋಣ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಬಾಯಿ ತೆರೆಯುವುದರೊಳಗೆ ಅಮ್ಮ ಇದು ಹೊಸತು, ಹೊಸತಿಗೆ ರೇಟು ಇಳಿಸುವುದಿಲ್ಲ ಎಂದು ಗುತ್ತಿಗೆದಾರರಿಗೆ ಹೇಳಿಯಾಗಿತ್ತು. ಅವರು ಬಾಟಲಿ ಎತ್ತಿ ನೋಡಲಿಲ್ಲ. ಅಮ್ಮನ ಮುಖ ನೋಡಿದರು, ಪೆಟ್ಟಿಗೆ ಇಳಿಸಲು ಹೇಳಿದರು. ಅವಳು ಮೊದಲ ದಿನ ಹುಡುಕಿದ ಕಿವಿರು ಎಲ್ಲಿದೆ ಎಂದು ನನಗೆ ಅಲ್ಲಿ, ಆ ಚಪ್ಪರದ ಕೆಳಗೆ ಗೊತ್ತಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಬಂದೆವು. ಕಂಡಕ್ಟರ್ ಹಳಬ, ಅಮ್ಮನ ಬುಟ್ಟಿಯನ್ನು ಎಷ್ಟೋ ವರ್ಷ ಎತ್ತಿ ಇಳಿಸಿದವನು. ಮಗನ ಅಂಗಡಿಯ ಸುದ್ದಿ ಅವನಿಗೂ ಮುಟ್ಟಿತ್ತು. ಈ ವಯಸ್ಸಿನಲ್ಲಿ ವೈನ್ ವ್ಯಾಪಾರ ಎಲ್ಲಿ ಕಲಿತಿರಿ ಎಂದು ತಮಾಷೆಯಾಗಿ ಕೇಳಿದ. ಅಮ್ಮ ಸೊಂಟದ ಚೀಲ ಬಿಚ್ಚಿ ಎರಡು ಟಿಕೇಟಿನ ದುಡ್ಡು ಅವನ ಕೈಗಿಟ್ಟಳು. ಅವನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

"ನಂಗೆ ಮೀನ್ ಒಂದ್ ಬಿಟ್ರೆ ಬೇರೆಂತ ಗೊತ್ತಿತ್ತ್?" ಎಂದಳು.

ಕಂಡಕ್ಟರ್ ನಕ್ಕು ಮುಂದಿನ ಸೀಟಿಗೆ ಹೋದ. ನಾನು ಅಮ್ಮನ ಕೈ ಹಿಡಿದುಕೊಂಡೆ. ತಪ್ಪಾಯ್ತು ಎಂದೆ. ನಾವುಂದ ಬರುವವರೆಗೆ ಅವಳು ಕೈ ಬಿಡಿಸಿಕೊಳ್ಳಲಿಲ್ಲ.